ದಿಬ್ಬದೋಣಿಯ ಅಗಸಿ

ನಮ್ಮೂರಲ್ಲಿ ಮಳೆ ಊರಿಗೆಲ್ಲ ಒಟ್ಟಿಗೆ ಬರುತ್ತಿರಲಿಲ್ಲ, ಓಣಿ ಹಿಡಿದು ಬರುತ್ತಿತ್ತು. ಈವತ್ತು ಗಾಣಿಗರ ಓಣಿಯಾದರೆ ನಾಡಿದ್ದು ಕುಂಬಾರ ಓಣಿ, ಆಮೇಲೆ ನಮ್ಮ ದಿಬ್ಬದೋಣಿ, ಕೊನೆಗೆ ಹಳ್ಳದ ದಂಡೆಯ ತಗ್ಗಿನೋಣಿ. ಈ ಸರದಿ ತಪ್ಪಿದ್ದನ್ನು ನನ್ನ ಅತ್ತೆ ತನ್ನ ಎಂಬತ್ತು ವರ್ಷದಲ್ಲಿ ಎರಡೇ ಸಲ ಕಂಡಿದ್ದಳಂತೆ. ಒಂದು ಓಣಿಯಲ್ಲಿ ಧೋ ಎಂದು ಸುರಿಯುತ್ತಿದ್ದರೆ ಪಕ್ಕದ ಓಣಿಯ ಹೆಂಗಸರು ಬಿಸಿಲಿಗೆ ಮೆಣಸಿನಕಾಯಿ ಹರವಿಕೊಂಡು ಕೂತಿರುತ್ತಿದ್ದರು. ಓಣಿಯ ಅಗಸಿ ಬಾಗಿಲ ಹೊಸ್ತಿಲಿನಾಚೆ ಕೆಸರು, ಈಚೆ ಧೂಳು. ಮಳೆಯ ಅಂಚು ಅಷ್ಟು ಚೊಕ್ಕ. ಅದಕ್ಕೆಂದೇ ಪ್ರತಿ ಮನೆಗೂ ಬೇರೆ ಓಣಿಯಲ್ಲಿ ಒಂದು ಜೋಡಿಮನೆ. ನಿಮ್ಮ ಓಣಿಗೆ ಮಳೆ ಬಂದ ದಿನ ನೀವು ಜೋಡಿಮನೆಗೆ ಹೋಗಿ ಉಂಡು ಮಲಗಬೇಕು, ಅವರ ಓಣಿಗೆ ಬಂದ ದಿನ ಅವರು ನಿಮ್ಮಲ್ಲಿಗೆ. ಬರಬೇಡಿ ಅನ್ನುವ ಹಾಗಿಲ್ಲ. ಎಷ್ಟು ದಿನ ಇರುತ್ತೀರಿ ಎಂದು ಕೇಳುವ ಹಾಗೂ ಇಲ್ಲ.

ನಾನು ಮದುವೆಯಾಗಿ ಬಂದ ಐದನೆಯ ದಿನವೇ ದಿಬ್ಬದೋಣಿಗೆ ಮಳೆ ಬಂತು. ಅತ್ತೆ ನನ್ನ ತಲೆಗೊಂದು ಗೋಣಿ ಹೊದಿಸಿ, ಅಗಸಿ ದಾಟಿಸಿ, ಮೂವತ್ತಾರು ಕಲ್ಲು ಮೆಟ್ಟಿಲು ಇಳಿಸಿ ತಗ್ಗಿನೋಣಿಗೆ ಕರೆದುಕೊಂಡು ಹೋದಳು. ನಮ್ಮ ಜೋಡಿಮನೆ ಗಾದಿ ಹೊಲಿಯುವ ನದಾಫರದು. ಇಮಾಂಬಿ ಆ ಮನೆಗೆ ನನಗಿಂತ ಒಂದು ವರ್ಷ ಮೊದಲು ಸೊಸೆಯಾಗಿ ಬಂದವಳು. ನಮಗಾಗಿ ಅವರ ಪಡಸಾಲೆಯಲ್ಲಿ ಬೇರೆ ಒಲೆ, ಬೇರೆ ಹಂಚು ಇದ್ದವು. ಇಮಾಂಬಿ ಬಾಗಿಲಲ್ಲಿ ನಿಂತು, "ಹಿಟ್ಟು ಕೊಣಮಿಗ್ಯಾಗ ಐತ್ರಿ, ಪುಂಡಿಪಲ್ಲೆ ಸೋಸಿಟ್ಟೇನಿ, ಒಲಿ ಹಚ್ಚೂದೊಂದ ನಿಮ್ಮ ಕೆಲಸ" ಅಂದಳು. ಆ ಸಂಜೆ ಅವಳ ಗಂಡ ದಾವಲಸಾಬ ಹಿಂಜಿಟ್ಟಿದ್ದ ಹತ್ತಿಯ ರಾಶಿಯ ಮೇಲೆ ನಾವಿಬ್ಬರೂ ಹೊಸ ಸೊಸೆಯರು ಒರಗಿ ನಮ್ಮ ನಮ್ಮ ತವರಿನ ಮಾತಾಡಿದೆವು. ನನ್ನ ಗಂಡ ತೀರಿಹೋದಾಗ ಮೂರು ದಿನ ನನಗೆ ಗಂಜಿ ಕುಡಿಸಿದವಳು ಅವಳೇ. ಅವಳಿಗೆ ಹದಿನಾಲ್ಕು ವರ್ಷ ಮಕ್ಕಳಾಗಲಿಲ್ಲ. ಆಮೇಲೆ ರಾಬಿಯಾ ಹುಟ್ಟಿದಳು. ನನಗೆ ಮಕ್ಕಳೇ ಆಗಲಿಲ್ಲ. ತಗ್ಗಿನೋಣಿಗೆ ಮಳೆ ಬಂದಾಗಲೆಲ್ಲ ರಾಬಿಯಾ ಮೆಟ್ಟಿಲನ್ನು ಎರಡೆರಡು ಹಾರಿ ಬಂದು, ಅವ್ವ ಇನ್ನೂ ಹತ್ತನೆಯ ಮೆಟ್ಟಿಲಲ್ಲಿ ಏದುತ್ತಿರುವಾಗಲೇ, ನಮ್ಮ ಅಡುಗೆಮನೆಯಲ್ಲಿ ಶೇಂಗಾ ಡಬ್ಬಿ ಹುಡುಕುತ್ತಿರುತ್ತಿದ್ದಳು.

ಕೆಡುತ್ತಾ ಬಂದದ್ದು ಯಾವಾಗಿನಿಂದ ಎಂದು ಯಾರೂ ಗುರುತು ಹಾಕಿಡಲಿಲ್ಲ. ಮೊದಲು ಬಿಸಿಲು ಉದ್ದವಾಯಿತು. ಯುಗಾದಿಗೆ ಬರುತ್ತಿದ್ದ ಧಗೆ ಶಿವರಾತ್ರಿಗೇ ಬಂತು, ಮಿರಗದ ಮಳೆಯ ಹೊತ್ತು ಕಳೆದರೂ ಹೋಗಲಿಲ್ಲ. ಮೊದಲು ಒಂದೊಂದು ಓಣಿಗೆ ವರ್ಷಕ್ಕೆ ಹತ್ತು ಹನ್ನೆರಡು ಸಲ, ಸಲಕ್ಕೊಂದು ತಾಸು ಬರುತ್ತಿದ್ದ ಮಳೆ ಆರು ಸಲಕ್ಕೆ ಇಳಿಯಿತು, ಆಮೇಲೆ ಮೂರಕ್ಕೆ. ಆದರೆ ಬಂದರೆ ಹನ್ನೆರಡು ಸಲದ್ದನ್ನೂ ಕಟ್ಟಿಕೊಂಡು ಬಂದಂತೆ ಬರುತ್ತಿತ್ತು. ಕುಂಬಾರ ಓಣಿಯಲ್ಲಿ ಒಂದು ಮಧ್ಯಾಹ್ನ ಸುಡಲು ಇಟ್ಟಿದ್ದ ಗಡಿಗೆಗಳೆಲ್ಲ ಮತ್ತೆ ಮಣ್ಣಾಗಿ ಹರಿದುಹೋದವು. ಗಾಣಿಗರ ಓಣಿಯಲ್ಲಿ ಆರು ಗೋಡೆ ಬಿದ್ದವು. ಆಮೇಲೆ ಸರದಿಯೇ ತಪ್ಪಿತು. ಮೂರು ವರ್ಷ ದಿಬ್ಬದೋಣಿಗೆ ಒಂದು ಹನಿ ಬೀಳಲಿಲ್ಲ. ನಮ್ಮ ಪಾಲಿನದೂ, ಗಾಣಿಗರ ಪಾಲಿನದೂ ಸೇರಿ ತಗ್ಗಿನೋಣಿಯ ಮೇಲೇ ಸುರಿಯತೊಡಗಿತು.

ಮಳೆ ಮಾಪನ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ತಗ್ಗಿನೋಣಿಯ ಮಸೀದಿ ಕಟ್ಟೆಯ ಮೇಲೆ ಗಾಜಿನ ಮಾಪಕವೊಂದನ್ನು ಹೂಳಿಸಿ, ನೋಟುಪುಸ್ತಕ ಬಿಚ್ಚಿಕೊಂಡು ಕೂತಳು. ನಾವು ಕೆಲವರು ಸುತ್ತ ನೆರೆದಿದ್ದೆವು. ಸಮುದ್ರ ಕಾಯುತ್ತಿದೆ, ಗಾಳಿ ಕಾಯುತ್ತಿದೆ, ಕಾದ ಗಾಳಿ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದು ಹಿಡಿದು ತಡೆಯಲಾರದೆ ಒಂದೇ ಕಡೆ ಚೆಲ್ಲುತ್ತದೆ ಎಂದು ಹೇಳಿದಳು. ನಮ್ಮ ಓಣಿಯ ಹಿರಿಯ ಸಂಗನಬಸಪ್ಪ, "ಇದು ಎಂದ ಸರಿ ಹೋಗತೈತವಾ?" ಎಂದು ಕೇಳಿದ. ಹುಡುಗಿ ಅವನನ್ನು ನೋಡಿದಳು. ಸುಳ್ಳು ಹೇಳುವ ವಯಸ್ಸಲ್ಲ ಅವಳದು. "ಇನ್ನೂ ಹೆಚ್ಚಾಗತದರಿ ಅಜ್ಜಾರ," ಅಂದಳು. ಮಾಪಕದಲ್ಲಿ ಒಂದು ಗೇಣು ಗೆರೆ ಇದ್ದವು. ಮುಂದಿನ ಮಳೆಗೆ ಅದು ತುಂಬಿ ಹೊರಚೆಲ್ಲಿತು. ಎಷ್ಟು ಬಿತ್ತೆಂದು ಬರೆದುಕೊಳ್ಳಲೂ ಆಗಲಿಲ್ಲವೆಂದು ಇಮಾಂಬಿ ಬಂದು ಹೇಳಿದಳು.

ತಗ್ಗಿನೋಣಿಯ ನೂರಾ ನಲವತ್ತು ಜನ ಈಗ ಮೇಲೆ ಬಂದರೆ ಒಂದು ದಿನಕ್ಕೆ ಹೋಗುತ್ತಿರಲಿಲ್ಲ. ಮನೆಗಳಿಂದ ಕೆಸರು ತೆಗೆಯಲೇ ಐದಾರು ದಿನ ಬೇಕಿತ್ತು. ನಮ್ಮ ಮೂರೂ ಬಾವಿ ಬತ್ತಿದ್ದವು. ಟ್ಯಾಂಕರ್ ವಾರಕ್ಕೊಮ್ಮೆ ಬಂದರೆ ಮನೆಗೆ ನಾಲ್ಕು ಕೊಡ. ಅದರಲ್ಲಿ ಬಂದವರ ಕುಡಿಯುವ ನೀರು, ಅಡುಗೆ, ಮಕ್ಕಳ ಮೈ ತೊಳೆಯುವುದು. ನೆರೆಯ ನೀರನ್ನು ಕುಡಿಯಲಾಗುವುದಿಲ್ಲ; ಅದರಲ್ಲಿ ಹಳ್ಳದ ಹೊಲಸೆಲ್ಲ ಇತ್ತು. ಮೊದಮೊದಲು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಹೆಂಗಸರು ಕೊಡವನ್ನು ಮಂಚದ ಕೆಳಗೆ ಇಡುವುದನ್ನು ಕಲಿತರು. ನಾನೂ ಕಲಿತೆ. ರಾಬಿಯಾಗೆ ಆಗ ಹದಿನೈದು. ಅವಳು ನಮ್ಮ ಮನೆಯಲ್ಲಿ ಅರ್ಧ ಲೋಟ ನೀರು ಕೇಳಲು ಶುರುಮಾಡಿದಳು. "ಅರ್ಧ ಸಾಕ್ರಿ ಅತ್ತಿ," ಅನ್ನುತ್ತಿದ್ದಳು. ನಾನು ಅರ್ಧವನ್ನೇ ಕೊಡುತ್ತಿದ್ದೆ.

ಆ ವರ್ಷ ಆಷಾಢದ ಕೊನೆಗೆ ಬೇವಿನ ಕಟ್ಟೆಯ ಹತ್ತಿರ ಓಣಿಯವರೆಲ್ಲ ಸೇರಿದರು. ಸಂಗನಬಸಪ್ಪ ಕೆಟ್ಟ ಮನುಷ್ಯನಲ್ಲ. ಅವನ ಎರಡು ಎಮ್ಮೆ ಆ ಬೇಸಿಗೆಯಲ್ಲಿ ನೀರಿಲ್ಲದೆ ಸತ್ತಿದ್ದವು. "ನಮ್ಮ ಪಾಲಿನ ಮಳಿ ಅವರ ಓಣ್ಯಾಗ ಬೀಳಾಕತ್ತೇತಿ," ಅಂದ. "ನಾವು ಬ್ಯಾಡ ಅಂದಿಲ್ಲ. ಆದರ ನಮ್ಮ ಮಳೀನೂ ಅವರಿಗೇ, ನಮ್ಮ ಕೊಡಾನೂ ಅವರಿಗೇ ಅಂದ್ರ ಹೆಂಗ? ಈ ಸಲ ಅಗಸಿ ತಗಿಯೂದು ಬ್ಯಾಡ. ಸೇತುವಿ ದಾಟಿ ಆಚೆ ಊರಿಗೆ ಹೋಗಲಿ." ಯಾರೂ ಎದ್ದು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಎಲ್ಲರೂ ಒಂದಿಷ್ಟು ತಲೆ ಆಡಿಸಿದರು. ಕೊನೆಗೆ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು, ಏಕೆಂದರೆ ಅಗಸಿಯ ಕೀಲಿ ನನ್ನ ಗಂಡನ ಮನೆತನದ್ದು; ಬೀಗ ಹಾಕಿರುತ್ತಿದ್ದ ಅಗಸಿಯನ್ನು ಕೆಳಗಿನವರು ಬಡಿದಾಗ ತೆಗೆಯುವುದು ನಮ್ಮ ಮನೆಯ ಕೆಲಸ. ಅಗಸಿಗೆ ಅಂಟಿಕೊಂಡ ಮೊದಲ ಮನೆ ನಮ್ಮದೇ. ನಾನೂ ತಲೆ ಆಡಿಸಿದೆ.

ಮರುದಿನ ಬೆಳಿಗ್ಗೆ ಇಮಾಂಬಿ ಬಂದಳು. ಸುದ್ದಿ ಕೆಳಗಿಳಿದಿತ್ತು. ಅವಳು ಒಳಗೆ ಬರಲಿಲ್ಲ, ಮನೆ ಮುಂದಿನ ಕಟ್ಟೆಯ ಮೇಲೆ ಕೂತಳು. "ಹೌದೇನ್ರಿ ಗುರುಶಾಂತವ್ವಾರ, ಅಗಸಿ ತಗಿಯೂದಿಲ್ಲಂತ?" ಅಂದಳು. ದಾವಲಸಾಬ ಆಗಲೇ ಗಾದಿ ಸಾಮಾನು ಕಟ್ಟುತ್ತಿದ್ದಾನೆ, ಅಣ್ಣನ ಊರಿಗೆ ಹೋಗೋಣ ಅನ್ನುತ್ತಿದ್ದಾನೆ, ಅಲ್ಲಿ ರಸ್ತೆ ಬದಿ ಒಂದು ಖೋಲಿ ಸಿಗುತ್ತದಂತೆ ಎಂದು ಹೇಳಿದಳು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ರಾಬಿಯಾಗೆ ಒಂದು ಸಂಬಂಧ ನೋಡಿಟ್ಟಿದ್ದರು, ಹುಡುಗನ ಕಡೆಯವರು ಶ್ರಾವಣ ಕಳೆದ ಮೇಲೆ ಬರುವವರಿದ್ದರು. ನಾನು ಅವಳ ಕೈ ಹಿಡಿದು ಹೇಳಿದೆ: "ಬೇವಿನ ಕಟ್ಟಿ ಮ್ಯಾಲಿನ ಮಾತು ಕಟ್ಟಿ ಮ್ಯಾಲ ಇರತೈತಿ. ಕೀಲಿ ನನ್ನ ಕೈಯಾಗ ಐತಿಲ್ಲ? ನಾ ಇರೂತನಕ ನಿನಗ ಅಗಸಿ ಮುಚ್ಚೂದಿಲ್ಲ." ಆಗ ಆ ಮಾತು ಸುಳ್ಳಾಗಿರಲಿಲ್ಲ. ಇಮಾಂಬಿ ಎದ್ದು ಹೋದಳು. ಮೆಟ್ಟಿಲಿಳಿಯುತ್ತ ಗಂಡನಿಗೆ, "ಗಂಟು ಬಿಚ್ಚರಿ" ಎಂದು ಅಲ್ಲಿಂದಲೇ ಕೂಗಿದ್ದು ನನಗೆ ಕೇಳಿಸಿತು.

ಹನ್ನೊಂದು ದಿನಕ್ಕೆ ಮಳೆ ಬಂತು. ಗುರುವಾರ ಮಧ್ಯಾಹ್ನ, ಊಟ ಮುಗಿದ ಹೊತ್ತು. ನಮ್ಮ ಓಣಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ನಾಯಿ ನಾಲಿಗೆ ಚಾಚಿಕೊಂಡು ಅಗಸಿಯ ನೆರಳಿನಲ್ಲಿ ಮಲಗಿತ್ತು, ಅದೇ ಮೊದಲು ಎದ್ದು ಓಡಿತು. ಆಮೇಲೆ ಸಪ್ಪಳ. ಮಳೆಯ ಸಪ್ಪಳ ನನಗೆ ಗೊತ್ತು, ಇದು ಅದಾಗಿರಲಿಲ್ಲ. ಲಾರಿಯಿಂದ ಜಲ್ಲಿಕಲ್ಲು ಸುರಿದ ಹಾಗೆ, ಸುರಿಯುತ್ತಲೇ ಇರುವ ಹಾಗೆ. ನಾನು ಗೂಟದಿಂದ ಕೀಲಿ ತೆಗೆದುಕೊಂಡು ಹೊರಗೆ ಬಂದೆ. ತೆರೆಯಬೇಕೆಂದೇ ಬಂದೆ.

ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬೇವಿನ ಕೆಳಗೆ ಬಂದು ನಿಂತಿದ್ದರು. ಸಂಗನಬಸಪ್ಪ ಅವರಲ್ಲಿರಲಿಲ್ಲ, ಟ್ಯಾಂಕರಿನವನನ್ನು ಹುಡುಕಿಕೊಂಡು ಹೋಗಿದ್ದ. ಯಾರೂ ನನ್ನನ್ನು ತಡೆಯಲಿಲ್ಲ. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡರೂ ಹೀಗೇ ಇದೆ: ಒಬ್ಬರೂ ಬೇಡ ಅನ್ನಲಿಲ್ಲ. ಅವರು ನನ್ನ ಕೈಯಲ್ಲಿದ್ದ ಕೀಲಿಯನ್ನು ನೋಡುತ್ತಿದ್ದರು, ನಾನು ಅವರಲ್ಲಿ ಯಾರಾದರೂ ತೆಗಿ ಅನ್ನಲಿ ಎಂದು ಅವರ ಮುಖ ನೋಡುತ್ತಿದ್ದೆ. ಒಂದು ಮಾತು ಸಾಕಿತ್ತು. ಒಬ್ಬ ಕೆಮ್ಮಿದರೂ ಸಾಕಿತ್ತೇನೋ.

ಮೆಟ್ಟಿಲ ಮೇಲೆ ಕಾಲಿನ ಸದ್ದಾಯಿತು. ಮೊದಲ ಬಡಿತ ಮೆಲ್ಲಗೆ ಇತ್ತು, ದಿನದ ಹಾಗೆ. ಆಮೇಲೆ ಇಮಾಂಬಿಯ ದನಿ: "ಗುರುಶಾಂತವ್ವಾರ, ನಾವು ಬಂದೇವ್ರಿ." ಅದರಲ್ಲಿ ಗಾಬರಿ ಇರಲಿಲ್ಲ. ನನ್ನ ಮಂಚದ ಕೆಳಗೆ ಎರಡು ಕೊಡ ನೀರಿತ್ತು, ಟ್ಯಾಂಕರ್ ಬಂದು ಒಂಬತ್ತು ದಿನವಾಗಿತ್ತು. ನಾನು ಅದನ್ನು ಯೋಚಿಸಿದೆ, ಇಲ್ಲ ಅನ್ನಲಾರೆ. ಜೊತೆಗೆ ಇನ್ನೊಂದನ್ನೂ ಯೋಚಿಸಿದೆ: ತಾಸೊಪ್ಪತ್ತಿನಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಇಳಿದು ಹೋಗುತ್ತಾರೆ, ನಾಳೆ ನಾನೇ ಹೋಗಿ ಮುಖ ತೋರಿಸಿ ಏನಾದರೊಂದು ಹೇಳುತ್ತೇನೆ. ನಮ್ಮ ಲೆಕ್ಕವೆಲ್ಲ ಹಳೆಯ ಮಳೆಯ ಲೆಕ್ಕವೇ ಆಗಿತ್ತು.

ಬಡಿತ ಹೆಚ್ಚಾಯಿತು. ಒಂದು ಕೈ ಹತ್ತಾಯಿತು, ಹತ್ತು ಐವತ್ತಾಯಿತು. ಸೇತುವೆ ಮುಳುಗಿತು ಎಂದು ಗಂಡಸೊಬ್ಬ ಕೂಗಿದ. ಮೆಟ್ಟಿಲಿನ ಎರಡೂ ಬದಿಗೆ ಹಳೆಯ ಕೋಟೆಗೋಡೆ, ಎರಡಾಳೆತ್ತರ. ಅಲ್ಲಿಂದ ಹೊರಗೆ ಹೋಗಲು ಅಗಸಿಯೊಂದೇ ದಾರಿ. "ಹತ್ತನೇ ಮೆಟ್ಟಿಲಿಗೆ ಬಂತ್ರಿ ನೀರು!" ಎಂದು ಕೂಗಿದರು. ಆಮೇಲೆ ಹದಿನೈದು ಅಂದರು. ಅಗಸಿಯ ಹಲಗೆಯ ಸಂದಿಯಿಂದ ತಣ್ಣನೆಯ ಗಾಳಿ ನನ್ನ ಕಾಲಿಗೆ ಬಡಿಯುತ್ತಿತ್ತು, ಬೆನ್ನು ಬಿಸಿಲಿಗೆ ಉರಿಯುತ್ತಿತ್ತು. ರಾಬಿಯಾಳ ದನಿ ಕೇಳಿತು. "ಅತ್ತೀ," ಅಂದಳು. "ಅತ್ತಿ, ನಾ ಅದೇನಿ. ತಗೀರಿ." ಇಮಾಂಬಿ ಅವಳಿಗೆ ಹೇಳುವುದು ಕೇಳಿತು: "ಅಕಿ ಮನ್ಯಾಗ ಇದ್ದಂಗಿಲ್ಲವಾ. ಇದ್ದಿದ್ರ ಇಷ್ಟೊತ್ತಿಗೆ ತಗದಿರತಿದ್ಲು. ಮುದುಕರನ್ನ ಮ್ಯಾಲ ಬಿಡು, ನೀ ಹಿಂದ ಸರಿ." ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಇಷ್ಟು ಹೊತ್ತು ಸುಮ್ಮನಿದ್ದು ಈಗ ತೆರೆದರೆ, ಇಷ್ಟು ಹೊತ್ತೂ ಇಲ್ಲೇ ಇದ್ದೆ ಎಂದು ಅವರಿಗೆ ಗೊತ್ತಾಗುತ್ತದೆ. ಅದೊಂದು ವಿಚಾರ ನನ್ನ ಕೈಯನ್ನು ಹಿಡಿದಿಟ್ಟಿತು. ಅಷ್ಟು ಸಣ್ಣ ವಿಚಾರ.

ಎಷ್ಟು ಹೊತ್ತಾಯಿತೋ. ಓಣಿಯ ಆ ತುದಿಯಿಂದ ಮಡಿವಾಳರ ನೀಲವ್ವ ಓಡಿ ಬಂದಳು. ಎಪ್ಪತ್ತರ ಮುದುಕಿ, ಅವಳಿಗೆ ಆ ಹೊತ್ತಿನವರೆಗೆ ಸುದ್ದಿ ಮುಟ್ಟಿರಲಿಲ್ಲ. ನನ್ನ ಬೆರಳು ಒಂದೊಂದಾಗಿ ಬಿಡಿಸಿ ಕೀಲಿ ಕಸಿದುಕೊಂಡಳು. ಬೀಗ ತೆಗೆದಳು, ಅಡ್ಡಗಣೆ ಸರಿಸಿದಳು. ಅಗಸಿ ತೆರೆಯಲಿಲ್ಲ. ಅದು ಆಚೆಗೆ ತೆರೆಯುವ ಬಾಗಿಲು, ಆಚೆ ನೂರಾ ನಲವತ್ತು ಜನ ಅದಕ್ಕೆ ಒರಗಿ ನಿಂತಿದ್ದರು. "ಹಿಂದ ಸರೀರಿ, ಹಿಂದ ಸರೀರೋ!" ಎಂದು ನೀಲವ್ವ ಅರಚಿದಳು. ಆಚೆ ಮಳೆಯಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಬೇವಿನ ಕೆಳಗಿದ್ದ ಗಂಡಸರು ಆಗ ಓಡಿ ಬಂದರು, ಒಬ್ಬ ಹಾರೆ ತಂದ, ಕದ ತಿರುಗುವ ತಿರುಗಣೆಯ ಕಲ್ಲು ಒಡೆಯತೊಡಗಿದರು. ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿವಿ ಮುಚ್ಚಿಕೊಂಡರೂ ಹಾರೆಯ ಪೆಟ್ಟು ಒಂದೊಂದೂ ಕೇಳುತ್ತಿತ್ತು. ಒಂದು ಕಡೆಯ ಕದ ಕಳಚಿ ಬಿದ್ದು ಜನ ಒಳಗೆ ನುಗ್ಗಿದಾಗ ನೀರು ಮೂವತ್ತನೆಯ ಮೆಟ್ಟಿಲ ಮೇಲಿತ್ತಂತೆ. ಕೆಳಗಿನ ಮೆಟ್ಟಿಲಲ್ಲಿದ್ದ ಏಳು ಜನ ಇರಲಿಲ್ಲ. ಮುದುಕರಿಗೆ ಜಾಗ ಬಿಟ್ಟು ಹಿಂದೆ ಸರಿದವರು ಅವರು. ರಾಬಿಯಾ ಮೂರು ದಿನದ ಮೇಲೆ ಹಳ್ಳದ ತಿರುವಿನಲ್ಲಿ, ಜಾಲಿಕಂಟಿಯಲ್ಲಿ ಸಿಕ್ಕಳು.

ವಿಚಾರಣೆಗೆ ಬಂದವರಿಗೆ ಸಂಗನಬಸಪ್ಪ ಹೇಳಿಕೆ ಕೊಟ್ಟ. ಅವನು ಆ ಮಧ್ಯಾಹ್ನ ಓಣಿಯಲ್ಲಿ ಇರಲಿಲ್ಲ, ಆದರೂ ಅವನೇ ಕೊಟ್ಟ. ಕೀಲಿಯ ಮನೆಯವಳು ತವರಿಗೆ ಹೋಗಿದ್ದಳು, ಕೀಲಿ ಎಲ್ಲಿಟ್ಟಿದ್ದಾಳೋ ತಿಳಿಯದೆ ಹುಡುಕುವುದರಲ್ಲಿ ಹೊತ್ತಾಯಿತು ಎಂದ. ಬೇವಿನ ಕೆಳಗಿದ್ದವರೆಲ್ಲ ಅದನ್ನೇ ಹೇಳಿದರು. ನನ್ನನ್ನು ಉಳಿಸಲು ಹೇಳಿದರೋ ತಮ್ಮನ್ನು ಉಳಿಸಿಕೊಳ್ಳಲು ಹೇಳಿದರೋ, ಇವತ್ತಿಗೂ ತಿಳಿಯದು. ನೀಲವ್ವನನ್ನು ಯಾರೂ ಕೇಳಲಿಲ್ಲ. ಅವಳು ಅಂದಿನಿಂದ ನನ್ನ ಮನೆಯ ಬಟ್ಟೆ ಒಗೆಯುವುದನ್ನು ಬಿಟ್ಟಳು, ಅಷ್ಟೆ. ನಾನು ಆ ರಾತ್ರಿಯೇ ಯಾರಿಗೂ ಕಾಣದೆ ನಿಜವಾಗಿಯೂ ತವರಿಗೆ ಹೋಗಿ ಎರಡು ತಿಂಗಳು ಇದ್ದೆ. ರಾಬಿಯಾಳ ಮಣ್ಣಿಗೂ ಹೋಗಲಿಲ್ಲ.

ತಗ್ಗಿನೋಣಿ ಖಾಲಿಯಾಯಿತು. ಉಳಿದವರಿಗೆ ಬಸ್‌ಸ್ಟ್ಯಾಂಡಿನ ಆಚೆ, ಡಾಂಬರು ರಸ್ತೆಯ ಪಕ್ಕ, ತಗಡಿನ ಶೆಡ್ಡು ಹಾಕಿಕೊಟ್ಟರು. ಅದರ ಮುಂದಿನ ವರ್ಷವೂ ಮಳೆ ತಗ್ಗಿನೋಣಿಯ ಮೇಲೆಯೇ ಬಿತ್ತು. ಯಾರೂ ಇಲ್ಲದ ಮನೆಗಳ ಮೇಲೆ ನಾಲ್ಕು ತಾಸು, ಐದು ತಾಸು ಬಿತ್ತು. ಗೋಡೆಗಳು ಕರಗಿ ಒಂದರ ಮೇಲೊಂದು ಬಿದ್ದವು, ಮಸೀದಿ ಕಟ್ಟೆ ಮಾತ್ರ ಉಳಿಯಿತು. ನಮ್ಮ ಓಣಿಯವರು ದಿಬ್ಬದ ಮೇಲೆ ನಿಂತು ಬಾಯಿ ಒಣಗಿಸಿಕೊಂಡು ಅದನ್ನು ನೋಡಿದರು. ಕೆಳಗಿನ ಬಾವಿಯೆಲ್ಲ ಕೆಸರಿನಿಂದ ಮುಚ್ಚಿಹೋಗಿತ್ತು, ಅಲ್ಲಿನ ಒಂದು ಹನಿಯೂ ನಮಗೆ ಬರಲಿಲ್ಲ. ಅಗಸಿಯನ್ನು ಯಾರೂ ಮತ್ತೆ ನಿಲ್ಲಿಸಲಿಲ್ಲ. ಆಮೇಲೆ ಒಂದೊಂದೇ ಮನೆ ನಮ್ಮ ಓಣಿಯನ್ನೂ ಬಿಟ್ಟಿತು. ಸಂಗನಬಸಪ್ಪನೂ ಹೋದ. ಜೋಡಿಮನೆ ಅನ್ನುವ ಮಾತನ್ನು ಈಗ ಊರಲ್ಲಿ ಯಾರೂ ಆಡುವುದಿಲ್ಲ.

ಕಳೆದ ಚೈತ್ರದಲ್ಲಿ ನಾನು ಬಸ್ಸಿಗೆಂದು ನಡೆದು ಹೋಗುತ್ತಿದ್ದೆ. ಶೆಡ್ಡುಗಳ ಮುಂದೆ ಹಾಯುವಾಗ ಯಾವಾಗಲೂ ಸೆರಗು ಮುಂದೆ ಎಳೆದುಕೊಂಡು ರಸ್ತೆಯ ಆ ಬದಿಗೆ ಹೋಗುತ್ತೇನೆ. ಆ ದಿನ ಒಂದು ಲಾರಿ ಅಡ್ಡ ನಿಂತಿತ್ತು, ಈ ಬದಿಗೇ ಬರಬೇಕಾಯಿತು. "ಗುರುಶಾಂತವ್ವಾರ?" ಎಂದು ಕೇಳಿತು. ಇಮಾಂಬಿ ತಗಡಿನ ನೆರಳಿನಲ್ಲಿ ಕೂತು ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. "ಬರ್ರಿ, ಕುಂದರ್ರಿ. ಬಸ್ಸು ಇನ್ನೂ ಹೊತ್ತೈತಿ," ಅಂದಳು. ಹಿಂದೆ ದಾವಲಸಾಬ ಹತ್ತಿ ಬಡಿಯುತ್ತಿದ್ದ. ನನ್ನನ್ನು ನೋಡಿದ, ಮತ್ತೆ ಹತ್ತಿಯ ಕಡೆ ತಿರುಗಿದ. ನಾನು ಕೂತೆ.

ಬಹಳ ಹೊತ್ತು ಅವಳು ಹೊಲಿದಳು. ಆಮೇಲೆ ಸೂಜಿಯನ್ನು ಗಾದಿಗೆ ಚುಚ್ಚಿಟ್ಟಳು. "ಒಂದು ಮಾತು ಕೇಳಬೇಕಂತ ಭಾಳ ದಿನದಿಂದ ಇತ್ರಿ. ಸಿಟ್ಟಾಗಬ್ಯಾಡ್ರಿ. ನಮ್ಮ ಮಂದಿ ಒಂದೊಂದು ಅಂತಾರ. ನೀವು ಒಳಗ ಇದ್ರಿ, ಇದ್ದೂ ತಗೀಲಿಲ್ಲ ಅಂತಾರ. ಇವರೂ ಹಂಗ ಅಂತಾರ. ನಾ ಅವತ್ತಿಂದ ಇವರ ಜೋಡಿ ಜಗಳ ಮಾಡಾಕತ್ತೇನಿ. ಅಕಿ ಇದ್ದಿದ್ರ ತಗದಿರತಿದ್ಲು, ನನಗ ಮಾತು ಕೊಟ್ಟಿದ್ಲು ಅಂತ ಹೇಳತೇನಿ." ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಊರಾಗ ಇರಲಿಲ್ಲ, ಹೌದಿಲ್ರಿ?"

ಹತ್ತಿ ಬಡಿಯುವ ಸದ್ದು ನಿಂತಿತು.

"ಇರಲಿಲ್ಲವಾ," ಅಂದೆ. "ತವರಿಗೆ ಹೋಗಿದ್ದೆ."

ಇಮಾಂಬಿ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಹೊತ್ತದ್ದನ್ನು ಕೆಳಗಿಟ್ಟವಳ ಹಾಗೆ ಅವಳ ಭುಜ ಇಳಿಯಿತು. "ಕೇಳಿದ್ರಿಲ್ಲೋ?" ಎಂದಳು ಗಂಡನಿಗೆ. ದಾವಲಸಾಬ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. "ಹೂಂ, ಕೇಳಿದೆ," ಅಂದ ಮೆಲ್ಲಗೆ, ಹೆಂಡತಿಗೆ. ಅವನಿಗೆ ಗೊತ್ತಿತ್ತು. ಅವಳಿಗಾಗಿ ಸುಮ್ಮನಾದ.

ಇಮಾಂಬಿ ಒಳಗೆ ಹೋಗಿ ಕೊಡದಿಂದ ನೀರು ಮೊಗೆದು ತಂದಳು, ದೊಡ್ಡ ಹಿತ್ತಾಳೆ ಲೋಟದಲ್ಲಿ, ಅಂಚಿನ ತನಕ. ನಾನು ಅರ್ಧ ಕುಡಿದು ಕೆಳಗಿಟ್ಟೆ. "ಪೂರಾ ಕುಡೀರಿ," ಅಂದಳು. "ನಿಮ್ಮ ಓಣ್ಯಾಗ ನೀರಿಲ್ಲ, ನನಗ ಗೊತ್ತೈತಿ." ನಾನು ಲೋಟ ಎತ್ತಿ ಪೂರಾ ಕುಡಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಂದು ತರಲು ಒಳಗೆ ಹೋದಳು.